ಸರ್ವರ್‌ನಲ್ಲಿ 9.2 ಇದೆ, ಆಡಿಟರ್ 9.8 ಕೇಳುತ್ತಿದ್ದಾರೆ: ಏನು ಮಾಡಲಿ?

ಪ್ರಶ್ನೆ (ಭೋಸರಿ, ಪುಣೆ): ನಮಸ್ಕಾರ ಮೇಡಂ. ನಮ್ಮದು ಬಿಡಿಭಾಗ ತಯಾರಿಸುವ ಸಣ್ಣ ಕಾರ್ಖಾನೆ. ಸರ್ವರ್‌ನಲ್ಲಿ ಡೆಬಿಯನ್ 12 ಎಂಬ ಲಿನಕ್ಸ್ ಕಾರ್ಯಾಚರಣಾ ವ್ಯವಸ್ಥೆ ಇದೆ, ದೂರದಿಂದ ಲಾಗಿನ್ ಆಗಲು ಓಪನ್‌ಎಸ್‌ಎಸ್‌ಎಚ್ ತಂತ್ರಾಂಶವಿದೆ. ಭದ್ರತಾ ತಪಾಸಣೆಗೆ ಬಂದವರು ‘ಓಪನ್‌ಎಸ್‌ಎಸ್‌ಎಚ್ 9.2ರಲ್ಲಿ 2024ರ ದೋಷವಿದೆ, 9.8 ಹಾಕಿ’ ಎಂದು ವರದಿ ಕೊಟ್ಟಿದ್ದಾರೆ. ಎಷ್ಟು ಅಪ್‌ಡೇಟ್ ಮಾಡಿದರೂ 9.2ರಿಂದ ಮೇಲೇರುತ್ತಿಲ್ಲ. ಟೆಸ್ಟಿಂಗ್ ಶಾಖೆಯಿಂದ ತಂದು ಹಾಕಲೇ?

ಉತ್ತರ: ದಯವಿಟ್ಟು ಬೇಡ ಸರ್. ನಿಮ್ಮಲ್ಲಿ ಆ ದೋಷ ಬಹುಶಃ ಆಗಲೇ ಸರಿಯಾಗಿದೆ. ಪ್ಯಾಕೇಜಿನ ಪೂರ್ತಿ ಸಂಖ್ಯೆಯನ್ನು ಓದಿ: 9.2ಪಿ1-2+ಡೆಬ್12ಯು3 ಅಥವಾ ಕೊನೆಯ ಅಂಕಿ ಅದಕ್ಕಿಂತ ದೊಡ್ಡದಿದ್ದರೆ ನೆಮ್ಮದಿಯಾಗಿರಿ. ತಪಾಸಣೆಯ ತಂತ್ರಾಂಶ ನೋಡಿದ್ದು ‘9.2’ ಎಂಬ ಮೊದಲ ತುಂಡನ್ನು ಮಾತ್ರ. ದುರಸ್ತಿಯ ಗುರುತು ಇರುವುದು ಬಾಲದಲ್ಲಿ.

ಡೆಬಿಯನ್‌ನಲ್ಲಿ ಹೊಸ ಪ್ಯಾಕೇಜ್ (ಅನುಸ್ಥಾಪಿಸಲು ಸಿದ್ಧವಾದ ತಂತ್ರಾಂಶದ ಕಟ್ಟು) ಮೊದಲು ಅನ್‌ಸ್ಟೇಬಲ್ ಎಂಬ ಶಾಖೆಗೆ ಬರುತ್ತದೆ. ಕೆಲವು ದಿನ ಅಲ್ಲಿದ್ದು, ಗಂಭೀರ ದೋಷ ಕಾಣದಿದ್ದರೆ ಟೆಸ್ಟಿಂಗ್‌ಗೆ ಇಳಿಯುತ್ತದೆ. ಬಿಡುಗಡೆಯ ಹೊತ್ತಿಗೆ ಟೆಸ್ಟಿಂಗ್ ಅನ್ನೇ ಸ್ಥಗಿತಗೊಳಿಸಿ ಸ್ಟೇಬಲ್ ಮಾಡುತ್ತಾರೆ. ಅಲ್ಲಿಂದ ಮುಂದೆ ಆವೃತ್ತಿ ಸಾಮಾನ್ಯವಾಗಿ ಬದಲಾಗುವುದಿಲ್ಲ. ಮೂಲ ತಂಡ ಹೊಸ ಆವೃತ್ತಿಯಲ್ಲಿ ಮಾಡಿದ ದುರಸ್ತಿಯ ಸಾಲುಗಳನ್ನಷ್ಟೇ ಡೆಬಿಯನ್‌ನ ಪ್ಯಾಕೇಜ್ ನಿರ್ವಾಹಕರು ಹಳೆಯ ಆವೃತ್ತಿಗೆ ಹೊಂದಿಸಿ ಕೂರಿಸುತ್ತಾರೆ. ಬಹಳ ತಾಳ್ಮೆಯ, ಯಾರ ಕಣ್ಣಿಗೂ ಬೀಳದ ಕೆಲಸವಿದು.

ನಿಮ್ಮ ವರದಿಯಲ್ಲಿರುವ ದೋಷವನ್ನೇ ನೋಡಿ. ಅದು 2006ರಲ್ಲಿ ಸರಿಪಡಿಸಿದ್ದ ತಪ್ಪು, 8.5ರಲ್ಲಿ ಮತ್ತೆ ನುಸುಳಿತು. ಡೆಬಿಯನ್ 11ರಲ್ಲಿದ್ದ 8.4ಕ್ಕೆ ಅದು ತಗಲಲೇ ಇಲ್ಲ! ಹಾಗಿರುವಾಗ ಸಂಖ್ಯೆ ದೊಡ್ಡದಾದಷ್ಟೂ ಭದ್ರ ಎಂದು ಹೇಗೆ ನಂಬುವುದು? 2024ರ ಮಾರ್ಚ್‌ನಲ್ಲಿ ಎಕ್ಸ್‌ಝಡ್ ಎಂಬ ಕಡತ ಕುಗ್ಗಿಸುವ ತಂತ್ರಾಂಶದ 5.6.0 ಮತ್ತು 5.6.1ರಲ್ಲಿ ಯಾರೋ ಬಚ್ಚಿಟ್ಟಿದ್ದ ಹಿಂಬಾಗಿಲು ಸಿಕ್ಕಿದಾಗಲೂ ಟೆಸ್ಟಿಂಗ್ ಮತ್ತು ಅನ್‌ಸ್ಟೇಬಲ್‌ನವರು ಓಡಾಡಬೇಕಾಯಿತು, ಸ್ಟೇಬಲ್‌ಗೆ ಅದು ತಲುಪಿರಲಿಲ್ಲ.

ಟೆಸ್ಟಿಂಗ್‌ನಿಂದ ಒಂದೇ ಪ್ಯಾಕೇಜ್ ತರುತ್ತೇನೆಂದು ಹೊರಟರೂ ಅದರ ಹಿಂದೆ ಅದು ಆಧರಿಸಿರುವ ಸಿ ಲೈಬ್ರರಿ, ಅದರ ಹಿಂದೆ ಇನ್ನೊಂದು ಎಂದು ಸಾಲು ಬರುತ್ತದೆ. ಕೊನೆಗೆ ನಿಮ್ಮ ಸರ್ವರ್ ಯಾವ ಶಾಖೆಗೂ ಸೇರದೆ, ಭದ್ರತಾ ತಂಡದ ರಕ್ಷಣೆಯನ್ನೂ ಕಳೆದುಕೊಳ್ಳುತ್ತದೆ.

ಆಡಿಟರ್‌ಗೆ ಪ್ಯಾಕೇಜಿನ ಪೂರ್ತಿ ಸಂಖ್ಯೆ ಕಳುಹಿಸಿ. ಜೊತೆಗೆ ‘ಆಪ್ಟ್ ಚೇಂಜ್‌ಲಾಗ್’ ಆಜ್ಞೆ ತೋರಿಸುವ ಬದಲಾವಣೆಗಳ ಪಟ್ಟಿಯಲ್ಲಿ ಸಿವಿಇ-2024-6387 (ಈ ದೋಷದ ಗುರುತು ಸಂಖ್ಯೆ) ಇರುವ ಸಾಲನ್ನು ಲಗತ್ತಿಸಿ.

ಪ್ರಶ್ನೆ (ಡೊಂಬಿವಲಿ): ನಡುವೆ ಬಾಯಿ ಹಾಕುತ್ತಿದ್ದೇನೆ ಮೇಡಂ. ಇಷ್ಟು ಕಷ್ಟಪಡುವ ಬದಲು ಸ್ಟೇಬಲ್‌ಗೆ ಹೊಸ ಆವೃತ್ತಿಯನ್ನೇ ಕೊಡಬಾರದೇ?

ಉತ್ತರ: ಹೊಸ ಆವೃತ್ತಿ ದುರಸ್ತಿಯ ಜೊತೆ ನಡವಳಿಕೆಯನ್ನೂ ಬದಲಿಸುತ್ತದೆ. ಓಪನ್‌ಎಸ್‌ಎಸ್‌ಎಚ್ 8.8 ಲಾಗಿನ್ ವೇಳೆ ಗುರುತು ಸಾಬೀತುಪಡಿಸುವ, ಹಳೆಯ ಎಸ್‌ಎಚ್‌ಎ-1 ಆಧಾರಿತ ಆರ್‌ಎಸ್‌ಎ ಡಿಜಿಟಲ್ ಸಹಿಗಳನ್ನು ತಾನಾಗಿ ಒಪ್ಪುವುದನ್ನು ನಿಲ್ಲಿಸಿತು. ಭದ್ರತೆಗೆ ಒಳ್ಳೆಯ ನಿರ್ಧಾರವೇ. ಆದರೆ ಅದು ರಾತ್ರಿ ತಾನಾಗಿ ಆದ ಅಪ್‌ಡೇಟ್‌ನಲ್ಲಿ ಬಂದರೆ, ಬೆಳಿಗ್ಗೆ ಕಾರ್ಖಾನೆಯ ಹಳೆಯ ಉಪಕರಣಗಳಿಗೆ ಸಂಪರ್ಕವೇ ಸಿಗದೆ ಹೋಗಬಹುದು. ಅಂಥ ಬದಲಾವಣೆಗೆ ದಿನ ಗೊತ್ತುಮಾಡುವ ಹಕ್ಕು ಸರ್ವರ್ ನಡೆಸುವವರದು. ಫೈರ್‌ಫಾಕ್ಸ್, ಕ್ರೋಮಿಯಂನಂಥ ಬ್ರೌಸರ್‌ಗಳಲ್ಲಿ ಮಾತ್ರ ಹಳೆಯದಕ್ಕೆ ತೇಪೆ ಹಾಕುವುದು ಸಾಧ್ಯವಾಗದ ಕಾರಣ ಸ್ಟೇಬಲ್‌ಗೂ ಹೊಸ ಆವೃತ್ತಿಯನ್ನೇ ಕೊಡುತ್ತಾರೆ.

ಭೋಸರಿಯ ಸರ್, ಡೆಬಿಯನ್ 13 ಬಂದದ್ದು 2025ರ ಆಗಸ್ಟ್‌ನಲ್ಲಿ. 12ಕ್ಕೆ ದೀರ್ಘಾವಧಿ ಬೆಂಬಲವೂ ಸೇರಿ 2028ರ ಜೂನ್‌ವರೆಗೆ ಕಾಲವಿದೆ. ಪೂರ್ತಿ ಬ್ಯಾಕಪ್ ತೆಗೆದು, ಕಾರ್ಖಾನೆಗೆ ರಜೆ ಇರುವ ದಿನ ನೋಡಿಕೊಂಡು ಇಡೀ ವ್ಯವಸ್ಥೆಯನ್ನು ಒಟ್ಟಿಗೆ 13ಕ್ಕೆ ಏರಿಸಿ.