ಅಪ್‌ಡೇಟ್: ತೋಟದಲ್ಲಿ ಉಳುಕಿದ ಕಾಲು

ತೀರ್ಥಹಳ್ಳಿ ಕಡೆ ತೋಟದ ಸಂಕ (ಸಣ್ಣ ಕಾಲುಸೇತುವೆ) ದಾಟುವಾಗ ಪಾದ ಒಳಕ್ಕೆ ಮಡಚಿ ಉಳುಕಿದೆ, ಎಕ್ಸ್‌ರೇ ಬೇಕಾ ಅಂತ ಹಿಂದಿನ ಪೋಸ್ಟಿನಲ್ಲಿ ಕೇಳಿದ್ದೆನಲ್ಲ? ಬೇಕಾಗಲಿಲ್ಲ. ಡಾಕ್ಟರು ಪಾದದ ಗಂಟಿನ ಎರಡೂ ಕಡೆ ಮೂಳೆಯ ಹಿಂದಿನ ಅಂಚು ಒತ್ತಿದರು, ಪಾದದ ಮೂಳೆಗಳನ್ನೂ ಒತ್ತಿ ನೋಡಿದರು. ಆಮೇಲೆ ನಾಲ್ಕು ಹೆಜ್ಜೆ ನಡೆಸಿದರು. ಮೂಳೆ ಮೇಲೆ ನೋವಿರಲಿಲ್ಲ, ಕುಂಟುತ್ತಾ ನಡೆದೆ. ಹೊರಗಡೆಯ ಲಿಗಮೆಂಟ್ (ಮೂಳೆಗಳನ್ನು ಜೋಡಿಸುವ ಪಟ್ಟಿ) ಎಳೆದಿದೆ, ಅಷ್ಟೇ ಅಂದರು. ಇಷ್ಟು ಸುಲಭದ ಪರೀಕ್ಷೆ ಇದೆ ಅಂತ ಗೊತ್ತೇ ಇರಲಿಲ್ಲ!

ಆಗ ನೀವು ಕೊಟ್ಟ ಸಲಹೆಗಳಲ್ಲಿ ಬಟ್ಟೆ ಸುತ್ತಿದ ಐಸ್ 15-20 ನಿಮಿಷ, ಕ್ರೇಪ್ ಬ್ಯಾಂಡೇಜ್, ದಿಂಬಿನ ಮೇಲೆ ಕಾಲು, ಇವು ಕೆಲಸ ಮಾಡಿದವು. ಬಿಸಿ ಎಣ್ಣೆ ತಿಕ್ಕಿದ್ದಕ್ಕೆ ಬಾವು ಜಾಸ್ತಿಯೇ ಆಯ್ತು. (ಅಮ್ಮ ಇನ್ನೂ ಒಪ್ಪಿಲ್ಲ.) ಈಗ ಹಲ್ಲುಜ್ಜುವಾಗ ಒಂಟಿ ಕಾಲಲ್ಲಿ ನಿಲ್ಲುತ್ತೇನೆ, ಮತ್ತೆ ಉಳುಕದಿರೋಕೆ ಬ್ಯಾಲೆನ್ಸ್ ಅಭ್ಯಾಸ ಬೇಕಂತೆ. ಆದರೆ ಆ ಮೂಳೆಗಳನ್ನು ಒತ್ತಿದಾಗ ನೋವಿದ್ದರೆ ಅಥವಾ ನಾಲ್ಕು ಹೆಜ್ಜೆಯೂ ಇಡೋಕಾಗದಿದ್ದರೆ ಕಾಯಬೇಡಿ, ಎಕ್ಸ್‌ರೇ ತೆಗೆಸಿ.