ಗಿನಿಪಿಗ್‌ಗೆ ಯಾವ ಒಣ ಆಹಾರ? ಮಲೆನಾಡಿನಲ್ಲಿ ಸಾಕಿದವರ ಅನುಭವ

ಪ್ರಶ್ನೆ, ಶಿವಮೊಗ್ಗದಿಂದ:

ಮಗಳಿಗೆ ಅಂತ ಎರಡು ಗಿನಿಪಿಗ್ ತಂದಿದ್ದೇವೆ. ಎರಡೂ ದೊಡ್ಡವೇ, ವರ್ಷದ ಹತ್ತಿರ ಆಗಿದೆಯಂತೆ. ಅಂಗಡಿಯಲ್ಲಿ ಕೊಟ್ಟ ಆಹಾರದಲ್ಲಿ ಬಣ್ಣಬಣ್ಣದ ಉಂಡೆ, ಜೋಳ, ಸೂರ್ಯಕಾಂತಿ ಬೀಜ, ಒಣಹಣ್ಣು ಎಲ್ಲ ಇದೆ. ಬೀಜ ಮಾತ್ರ ಆರಿಸಿ ತಿಂದು ಉಳಿದದ್ದು ಹಾಗೇ ಬಿಡುತ್ತವೆ. ಯಾವ ಆಹಾರ ತರಲಿ? ಸಾಕಿದವರು ದಯವಿಟ್ಟು ಹೇಳಿ.

ಉತ್ತರ, ತೀರ್ಥಹಳ್ಳಿಯಿಂದ:

ಆ ಮಿಕ್ಸ್ ಬಿಡಿಸಿ. ಬೀಜದಲ್ಲಿ ಕೊಬ್ಬು, ಒಣಹಣ್ಣಿನಲ್ಲಿ ಸಕ್ಕರೆ, ಎರಡೂ ಇವಕ್ಕೆ ಆಗಿಬರಲ್ಲ. ಎಲ್ಲ ಒಂದೇ ತರಹ ಇರುವ, ಹಸಿರು ಮಿಶ್ರಿತ ಕಂದು ಬಣ್ಣದ ಪೆಲೆಟ್, ಅಂದರೆ ಹುಲ್ಲಿನ ಪುಡಿ ಒತ್ತಿ ಮಾಡಿದ ಸಣ್ಣ ಉಂಡೆ, ತನ್ನಿ. ಆಗ ಆರಿಸಿ ತಿನ್ನೋಕೆ ಏನೂ ಇರಲ್ಲ.

ಪ್ಯಾಕೆಟ್ ತಿರುಗಿಸಿ ಹಿಂದೆ ಓದಿ. ಪಟ್ಟಿಯಲ್ಲಿ ಮೊದಲು ತಿಮೋಥಿ ಹುಲ್ಲು ಇರಬೇಕು. ಅಲ್ಫಾಲ್ಫಾ, ಅಂದರೆ ನಮ್ಮ ಕುದುರೆ ಮೆಂತೆ, ಮೊದಲಿದ್ದರೆ ಅದು ಆರು ತಿಂಗಳೊಳಗಿನ ಮರಿಗಳಿಗೆ, ಗಬ್ಬದ ಹೆಣ್ಣಿಗೆ ಸರಿ. ಅದರಲ್ಲಿ ಕ್ಯಾಲ್ಸಿಯಂ ಜಾಸ್ತಿ. ದೊಡ್ಡವಕ್ಕೆ ದಿನಾ ಕೊಟ್ಟರೆ ಮೂತ್ರಕೋಶದಲ್ಲಿ ಕಲ್ಲಾಗಬಹುದು.

ವಿಟಮಿನ್ ಸಿ ಸೇರಿಸಿದ್ದಾರಾ ಅಂತಲೂ ನೋಡಿ. ಮನುಷ್ಯರ ಹಾಗೆ ಗಿನಿಪಿಗ್ ಕೂಡ ಅದನ್ನು ಮೈಯಲ್ಲಿ ತಯಾರಿಸಿಕೊಳ್ಳಲಾರದು. ಕಿಲೋ ತೂಕಕ್ಕೆ ದಿನಕ್ಕೆ 10ರಿಂದ 30 ಮಿಲಿಗ್ರಾಂ ಬೇಕು. ಕಡಿಮೆಯಾದರೆ ಕೀಲು ಊದಿ ನಡೆಯೋಕೆ ಕಷ್ಟಪಡುತ್ತವೆ, ರೋಮ ಒರಟಾಗುತ್ತೆ. ಮೊಲದ ಪೆಲೆಟ್ ಸಾಕು ಅಂತ ಅಂಗಡಿಯವರು ಹೇಳಿದರೂ ತರಬೇಡಿ. ಮೊಲ ತಾನೇ ವಿಟಮಿನ್ ಸಿ ತಯಾರಿಸಿಕೊಳ್ಳುತ್ತೆ, ಹಾಗಾಗಿ ಅದರ ಆಹಾರಕ್ಕೆ ಸೇರಿಸುವ ಅಗತ್ಯವಿಲ್ಲ.

ನನ್ನ ಪ್ರಕಾರ ನಮ್ಮ ಕಡೆ ಬ್ರ್ಯಾಂಡ್‌ಗಿಂತ ತಯಾರಾದ ದಿನಾಂಕ ಮುಖ್ಯ. ಪೆಲೆಟ್‌ನಲ್ಲಿರುವ ವಿಟಮಿನ್ ಸಿ ಮೂರು ತಿಂಗಳಷ್ಟರಲ್ಲಿ ಬಹಳ ಇಳಿದುಹೋಗುತ್ತೆ. ಬಿಸಿ, ತೇವ ಇದ್ದರೆ ಇನ್ನೂ ಬೇಗ. ಜೂನ್ ಬಂತು ಅಂದರೆ ಇಲ್ಲಿ ಡಬ್ಬಿಯ ಉಪ್ಪೇ ನೀರೊಡೆಯುತ್ತೆ, ಇನ್ನು ಪೆಲೆಟ್ ಉಳಿಯುತ್ತಾ? ಅಗ್ಗ ಅಂತ ದೊಡ್ಡ ಚೀಲ ತರಬೇಡಿ. ಸಣ್ಣ ಪ್ಯಾಕೆಟ್ ತಂದು, ಹಪ್ಪಳ ಇಡುವಂಥ ಬಿಗಿ ಮುಚ್ಚಳದ ಸ್ಟೀಲ್ ಡಬ್ಬಿಗೆ ಹಾಕಿ. ಒಂದನ್ನು ಉಗುರಲ್ಲಿ ಒತ್ತಿ ನೋಡಿ. ಪಟ್ ಅಂತ ಮುರಿದರೆ ಸರಿ. ಮೆತ್ತಗಾಗಿದ್ದರೆ, ಸ್ವಲ್ಪ ಮುಗ್ಗಲು ವಾಸನೆ ಬಂದರೂ, ಪೂರ್ತಿ ಡಬ್ಬಿ ಚೆಲ್ಲಿ. ಬಿಸಿಲಿಗೆ ಹಾಕಿ ಒಣಗಿಸಿ ಕೊಡೋಣ ಅಂದುಕೊಳ್ಳಬೇಡಿ, ಬೂಷ್ಟಿನ ವಿಷ ಒಣಗಿದರೆ ಹೋಗಲ್ಲ.

ಒಂದಕ್ಕೆ ದಿನಕ್ಕೆ ಒಂದೆರಡು ದೊಡ್ಡ ಚಮಚ ಸಾಕು.

ಉತ್ತರ, ಸಾಗರದಿಂದ:

ಮೇಲೆ ಹೇಳಿದ್ದೆಲ್ಲ ಸರಿ. ಆದರೆ ಪೆಲೆಟ್ ಉಪ್ಪಿನಕಾಯಿ ಇದ್ದ ಹಾಗೆ, ಊಟ ಅಂದರೆ ಹುಲ್ಲೇ. ಇವುಗಳ ಹಲ್ಲು ಜೀವನಪೂರ್ತಿ ಬೆಳೀತಾನೇ ಇರುತ್ತೆ, ಹುಲ್ಲು ಅಗಿದರೆ ಮಾತ್ರ ಸವೆಯುತ್ತೆ. ಒಣಹುಲ್ಲು ಹಗಲೂ ರಾತ್ರಿ ಎದುರಿಗಿರಲಿ. ಬತ್ತದ ಹುಲ್ಲಿನಲ್ಲಿ ಸತ್ವ ಕಡಿಮೆ, ಅದನ್ನೇ ನೆಚ್ಚಬೇಡಿ. ಗರಿಕೆ ಸಿಕ್ಕರೆ ತೊಳೆದು, ನೀರು ಬಸಿದು ಕೊಡಿ, ಇಷ್ಟಪಟ್ಟು ತಿನ್ನುತ್ತವೆ.

ಒಂದು ವಿಷಯ ದಯವಿಟ್ಟು ನೆನಪಿಡಿ. ಅಡಿಕೆ ತೋಟದ ಹುಲ್ಲು ತರುವ ಮೊದಲು ಕೊಳೆರೋಗಕ್ಕೆ ಔಷಧಿ ಹೊಡೆದಿದ್ದಾರಾ ಅಂತ ಕೇಳಿ. ಅದಕ್ಕೆ ಹೊಡೆಯುವ ಬೋರ್ಡೋ ದ್ರಾವಣ ಅಂದರೆ ಮೈಲುತುತ್ತ, ಸುಣ್ಣ. ಗೊನೆಗೆ ಹೊಡೆದದ್ದು ಕೆಳಗಿನ ಹುಲ್ಲಿನ ಮೇಲೂ ಬೀಳುತ್ತೆ. ಮಳೆಗಾಲದಲ್ಲಿ ತೋಟದ ಹುಲ್ಲು ಬೇಡವೇ ಬೇಡ ಅಂತ ನಮ್ಮ ಮನೆಯಲ್ಲಿ ಎಲ್ಲರಿಗೂ ಹೇಳಿಟ್ಟಿದ್ದೇನೆ.

ದನದ ಹಿಂಡಿ, ಕೋಳಿ ಆಹಾರವೂ ಬೇಡ.

ಉತ್ತರ, ಶಿವಮೊಗ್ಗದಿಂದ:

ಹೊಸ ಪೆಲೆಟ್ ಒಂದೇ ಸಲ ಬದಲಿಸಬೇಡಿ. ಹಳೆಯದರ ಜೊತೆ ಬೆರೆಸಿ, ಒಂದು ವಾರ ಹತ್ತು ದಿನದಲ್ಲಿ ಹಳೆಯದನ್ನು ಕಡಿಮೆ ಮಾಡುತ್ತಾ ಹೋಗಿ. ವಿಟಮಿನ್ ಸಿಗೆ ಪೆಲೆಟ್ ಒಂದನ್ನೇ ನಂಬದೆ ದಿನಾ ದೊಣ್ಣೆ ಮೆಣಸಿನಕಾಯಿಯ ಒಂದು ಹೋಳು ಕೊಡಿ. ಪೇರಳೆ ಹಣ್ಣಿನಲ್ಲೂ ಚೆನ್ನಾಗಿದೆ, ಸಿಹಿ ಇರುವುದರಿಂದ ಅಪರೂಪಕ್ಕೆ ಸಣ್ಣ ಚೂರು ಸಾಕು. ವಿಟಮಿನ್ ಹನಿಯನ್ನು ಕುಡಿಯುವ ನೀರಿಗೆ ಹಾಕಬೇಡಿ. ಅದು ಬೇಗ ಕೆಡುತ್ತೆ, ರುಚಿ ಬದಲಾದರೆ ನೀರನ್ನೇ ಬಿಟ್ಟಾವು.

ವಾರಕ್ಕೊಮ್ಮೆ ಅಡುಗೆಮನೆಯ ತಕ್ಕಡಿಯಲ್ಲಿ ತೂಗಿ, ಮಗಳ ಕೈಯಲ್ಲೇ ಬರೆಸಿಡಿ. ಆಹಾರ ಹಿಡಿಸುತ್ತಿದೆಯಾ ಇಲ್ಲವಾ ಅನ್ನುವುದು ಮೊದಲು ತೂಕದಲ್ಲೇ ಗೊತ್ತಾಗುತ್ತೆ. ಅರ್ಧ ದಿನ ಏನೂ ಮುಟ್ಟದೆ ಕೂತರೆ, ಹಿಕ್ಕೆ ನಿಂತರೆ, ನಾಳೆ ನೋಡೋಣ ಅನ್ನಬೇಡಿ. ನಮ್ಮೂರಲ್ಲೇ ಪಶುವೈದ್ಯಕೀಯ ಕಾಲೇಜಿದೆ, ಅಲ್ಲಿಗೋ ಹತ್ತಿರದ ಪಶುವೈದ್ಯರ ಹತ್ತಿರವೋ ಅವತ್ತೇ ಕರೆದುಕೊಂಡು ಹೋಗಿ. ಹೋಗುವಾಗ ಪೆಲೆಟ್ ಪ್ಯಾಕೆಟ್ಟೂ ಜೊತೆಗಿರಲಿ, ಏನು ತಿನ್ನಿಸುತ್ತಿದ್ದೀರಿ ಅಂತ ಡಾಕ್ಟರ್ ಕೇಳೇ ಕೇಳುತ್ತಾರೆ.