ಸಂಸದೀಯ ಸಮಿತಿಯ ಸಂದರ್ಭದಲ್ಲಿ ‘ಮುಂದೂಡು’: ಅರ್ಥ ಮತ್ತು ಬಳಕೆ

ಮಾನ್ಯರೇ,

ಸಂಸದೀಯ ಸಮಿತಿಗಳ ನಡವಳಿಯನ್ನು ಕನ್ನಡದಲ್ಲಿ ಬರೆಯುವಾಗ ‘ಮುಂದೂಡು’ ಎಂಬ ಕ್ರಿಯಾಪದವನ್ನು ಎಲ್ಲಿ ಬಳಸಬಹುದು, ಎಲ್ಲಿ ಬೇರೆ ಪದ ಹುಡುಕಬೇಕು ಎಂಬ ಬಗ್ಗೆ ಬಲ್ಲವರ ಅಭಿಪ್ರಾಯ ಕೇಳುವುದಕ್ಕಾಗಿ ಇದನ್ನು ಬರೆಯುತ್ತಿದ್ದೇನೆ. ದಿನನಿತ್ಯದ ವ್ಯವಹಾರದಲ್ಲಿ ಈ ಪದದಿಂದ ಯಾವ ತೊಡಕೂ ಇಲ್ಲ. ಪರೀಕ್ಷೆ ಮುಂದೂಡಿದರು ಎಂದರೆ ಅದು ಅಂದು ನಡೆಯಲಿಲ್ಲ, ಇನ್ನೊಂದು ದಿನ ನಡೆಯುತ್ತದೆ ಎಂದು ಎಲ್ಲರಿಗೂ ತಿಳಿಯುತ್ತದೆ. ಆದರೆ ಸಭೆಯ ದಿನ, ಹೊತ್ತು, ಕಾರ್ಯಸೂಚಿಗಳೇ ಜಗಳದ ವಸ್ತುವಾದಾಗ ಈ ಒಂದೇ ಪದ ಒಂದಕ್ಕೊಂದು ಸಂಬಂಧವಿಲ್ಲದ ಹಲವು ಕೆಲಸಗಳನ್ನು ಹೊತ್ತುಕೊಳ್ಳುತ್ತದೆ, ಓದುಗನಿಗೆ ಯಾರು ಏನನ್ನು ಬೇಡವೆಂದರು ಎಂಬುದೇ ತಿಳಿಯದಂತಾಗುತ್ತದೆ.

ನನ್ನ ಮನಸ್ಸಿನಲ್ಲಿರುವುದು ವಕ್ಫ್ ತಿದ್ದುಪಡಿ ಮಸೂದೆಯ ಜಂಟಿ ಸಮಿತಿಯ ಪ್ರಸಂಗ. 2024ರ ಆಗಸ್ಟ್ 8ರಂದು ಲೋಕಸಭೆಯಲ್ಲಿ ಮಂಡನೆಯಾದ ಈ ಮಸೂದೆಯನ್ನು ಲೋಕಸಭೆಯ 21, ರಾಜ್ಯಸಭೆಯ 10 ಸದಸ್ಯರಿದ್ದ ಸಮಿತಿಗೆ ಒಪ್ಪಿಸಲಾಯಿತು. ಅಧ್ಯಕ್ಷರು ಜಗದಂಬಿಕಾ ಪಾಲ್. ನಮ್ಮ ರಾಜ್ಯದ ತೇಜಸ್ವಿ ಸೂರ್ಯ, ಸೈಯದ್ ನಾಸಿರ್ ಹುಸೇನ್, ಡಿ. ವೀರೇಂದ್ರ ಹೆಗ್ಗಡೆಯವರೂ ಸದಸ್ಯರಾಗಿದ್ದರು. ಮಸೂದೆಯ ಒಳಿತು ಕೆಡುಕು ಇಲ್ಲಿ ಚರ್ಚೆಯ ವಿಷಯವಲ್ಲ, ದಯವಿಟ್ಟು ಉತ್ತರಗಳನ್ನೂ ಆ ಕಡೆಗೆ ಎಳೆಯಬೇಡಿ. ನನಗೆ ಬೇಕಾಗಿರುವುದು ಸಮಿತಿಯ ದಿನಾಂಕಗಳ ತಕರಾರು ಮಾತ್ರ.

2025ರ ಜನವರಿ 24ರ ಸಂಗತಿಯನ್ನು ನೋಡಿ. ಆ ದಿನ ಮತ್ತು ಮರುದಿನ ಮಸೂದೆಯ ಖಂಡವಾರು ಪರಿಶೀಲನೆ, ಅಂದರೆ ಒಂದೊಂದೇ ಖಂಡವನ್ನು (ಕ್ಲಾಸ್) ತೆಗೆದುಕೊಂಡು ನೋಡುವ ಕೆಲಸ, ನಡೆಯಬೇಕಿತ್ತು. ಹಿಂದಿನ ರಾತ್ರಿ ಕಾರ್ಯಸೂಚಿ ಬದಲಾಯಿತು. 24ರಂದು ಕಾಶ್ಮೀರದ ಧಾರ್ಮಿಕ ಮುಖಂಡ ಮೀರ್‌ವಾಯಿಜ್ ಉಮರ್ ಫಾರೂಕ್ ಅವರ ನಿಯೋಗದ ಅಹವಾಲು ಕೇಳುವುದು, ಖಂಡವಾರು ಪರಿಶೀಲನೆಯನ್ನು 27ಕ್ಕೆ ಇಟ್ಟುಕೊಳ್ಳುವುದು ಎಂದಾಯಿತು. ವಿರೋಧ ಪಕ್ಷದ ಸದಸ್ಯರು ರಾತ್ರೋರಾತ್ರಿ ಆದ ಈ ಬದಲಾವಣೆಯನ್ನು ಆಕ್ಷೇಪಿಸಿದರು. ಜೊತೆಗೆ, ಖಂಡವಾರು ಪರಿಶೀಲನೆ 27ಕ್ಕೆ ಬೇಡ, 30 ಅಥವಾ 31ಕ್ಕೆ ಇರಲಿ ಎಂದರು. ಗದ್ದಲವಾಯಿತು, ಸಭೆ ಸ್ವಲ್ಪ ಹೊತ್ತು ನಿಂತಿತು, ಮತ್ತೆ ಸೇರಿದಾಗಲೂ ಗದ್ದಲ ಅಡಗಲಿಲ್ಲ. ಕೊನೆಗೆ ಸಮಿತಿಯ ಬಿಜೆಪಿ ಸದಸ್ಯ ನಿಶಿಕಾಂತ್ ದುಬೆಯವರು ತಂದ ಸೂಚನೆಯ ಮೇಲೆ ಹತ್ತು ಮಂದಿ ಸದಸ್ಯರನ್ನು ಆ ದಿನದ ಮಟ್ಟಿಗೆ ಅಮಾನತು ಮಾಡಲಾಯಿತು.

ಈಗ ಇದನ್ನು ಪತ್ರಿಕೆಯ ಕನ್ನಡದಲ್ಲಿ ಬರೆಯಲು ಕುಳಿತರೆ, ‘ಪರಿಶೀಲನೆ ಮುಂದೂಡಿದ್ದಕ್ಕೆ ವಿಪಕ್ಷಗಳ ಆಕ್ಷೇಪ’ ಎಂದು ಬರೆಯಬಹುದು, ‘ಪರಿಶೀಲನೆ ಮುಂದೂಡುವಂತೆ ವಿಪಕ್ಷಗಳ ಪಟ್ಟು’ ಎಂದೂ ಬರೆಯಬಹುದು. ಎರಡೂ ನಿಜ. ಆದರೆ ಎರಡನ್ನೂ ಅಕ್ಕಪಕ್ಕದಲ್ಲಿ ಇಟ್ಟರೆ, ಈ ಸದಸ್ಯರಿಗೆ ತಾವು ಏನು ಕೇಳುತ್ತಿದ್ದೇವೆಂದೇ ಗೊತ್ತಿರಲಿಲ್ಲ ಎಂಬ ಭಾವನೆ ಬರುತ್ತದೆ. ಅವರ ಮೊದಲ ತಕರಾರು ಮುನ್ಸೂಚನೆಯಿಲ್ಲದೆ ವಿಷಯ ಬದಲಾದದ್ದರ ಬಗ್ಗೆ, ಎರಡನೆಯದು ಓದಿಕೊಳ್ಳಲು ಸಾಲದ ಕಾಲಾವಕಾಶದ ಬಗ್ಗೆ. ಭಾಷೆ ಇವೆರಡನ್ನೂ ಒಂದೇ ಗೂಟಕ್ಕೆ ಕಟ್ಟಿಬಿಟ್ಟಿತು.

ನಾನು ಗಮನಿಸಿದಂತೆ ‘ಮುಂದೂಡು’ ಇಲ್ಲಿ ಕನಿಷ್ಠ ನಾಲ್ಕು ಕಡೆ ಬರುತ್ತದೆ. ಇನ್ನೂ ಸೇರದ ಸಭೆಯ ದಿನವನ್ನೇ ಬದಲಿಸುವುದು ಒಂದು. ಇದಕ್ಕೆ ಆ ಪದ ನೇರವಾಗಿ ಒಪ್ಪುತ್ತದೆ, ತಕರಾರಿಲ್ಲ. ಸೇರಿದ ಸಭೆಯನ್ನು ನಡುವೆ ನಿಲ್ಲಿಸಿ ಅರ್ಧ ಗಂಟೆಯ ನಂತರವೋ ಮರುದಿನವೋ ಮತ್ತೆ ಸೇರುವುದು ಇನ್ನೊಂದು. ಸಭೆ ಆ ದಿನವೇ ನಡೆದು, ಕಾರ್ಯಸೂಚಿಯ ಒಂದು ವಿಷಯ ಮಾತ್ರ ಬೇರೆ ದಿನಕ್ಕೆ ಹೋಗುವುದು ಮೂರನೆಯದು. ಜನವರಿ 24ರಂದು ಆದದ್ದು ಇದು. ವರದಿ ಸಲ್ಲಿಸುವ ಗಡುವನ್ನು ಬೆಳೆಸುವುದು ಮತ್ತೊಂದು. ಇದೇ ಸಮಿತಿ 2024ರ ಚಳಿಗಾಲದ ಅಧಿವೇಶನದ ಮೊದಲ ವಾರದ ಕೊನೆಯ ದಿನದೊಳಗೆ ವರದಿ ಕೊಡಬೇಕಿತ್ತು. ನವೆಂಬರ್ 28ರಂದು ಲೋಕಸಭೆಯು ಆ ಅವಧಿಯನ್ನು 2025ರ ಬಜೆಟ್ ಅಧಿವೇಶನದ ಕೊನೆಯ ದಿನದವರೆಗೆ ವಿಸ್ತರಿಸಿತು. ಇದನ್ನು ‘ವರದಿ ಮುಂದೂಡಿಕೆ’ ಎನ್ನುವುದು ನನ್ನ ಕಿವಿಗೆ ತಪ್ಪಾಗಿಯೇ ಕೇಳುತ್ತದೆ, ಏಕೆಂದರೆ ಗಡುವು ಬೆಳೆದರೂ ವರದಿ ಬೇಗ ಬರಬಹುದು. ಬಂದದ್ದೂ ಹಾಗೆಯೇ. ಬಜೆಟ್ ಅಧಿವೇಶನ ಆರಂಭವಾಗುವ ಮೊದಲೇ, ಜನವರಿ 29ರಂದು, ಸಮಿತಿ ವರದಿಯನ್ನು ಅಂಗೀಕರಿಸಿತು. ಆಗ ಎದ್ದ ದೂರು ತದ್ವಿರುದ್ಧವಾದದ್ದು: 655 ಪುಟಗಳ ಕರಡನ್ನು ಹಿಂದಿನ ಸಂಜೆ ಕೈಗಿಟ್ಟು ಬೆಳಗಾಗುವುದರೊಳಗೆ ಓದಿ ಭಿನ್ನಮತ ಟಿಪ್ಪಣಿ ಬರೆಯಿರಿ ಎಂದರೆ ಹೇಗೆ ಎಂದು.

ಎರಡನೆಯ ಅರ್ಥಕ್ಕೆ, ಅಂದರೆ ಸೇರಿದ ಸಭೆಯನ್ನು ನಡುವೆ ನಿಲ್ಲಿಸುವುದಕ್ಕೆ, ನಮ್ಮಲ್ಲಿ ಪದವಿಲ್ಲವೆಂದಲ್ಲ. ಕರ್ನಾಟಕದ ವಿಧಾನಮಂಡಲದಲ್ಲಿ ‘ನಿಲುವಳಿ ಸೂಚನೆ’ ಎಂಬ ಮಾತು ಬಹುಕಾಲದಿಂದ ಬಳಕೆಯಲ್ಲಿದೆ. ಬೇರೆ ಕಲಾಪವನ್ನೆಲ್ಲ ಬದಿಗಿಟ್ಟು ತುರ್ತು ವಿಷಯವೊಂದನ್ನು ಚರ್ಚಿಸೋಣ ಎಂಬ ಕೋರಿಕೆ ಅದು. ಅಲ್ಲಿರುವ ‘ನಿಲುವಳಿ’ಯನ್ನು ಸೂಚನೆಯ ಹಂಗಿನಿಂದ ಬಿಡಿಸಿ, ‘ಸಭೆಗೆ ಅರ್ಧ ಗಂಟೆ ನಿಲುವಳಿ’ ಎಂದು ಬಳಸಬಹುದೇ? ನನಗೆ ಅದು ಇಷ್ಟವಾಗುತ್ತದೆ, ಆದರೆ ಆ ಪದಕ್ಕೆ ಈಗಾಗಲೇ ಒಂದು ನಿಶ್ಚಿತ ಪಾರಿಭಾಷಿಕ ಅರ್ಥ ಇರುವುದರಿಂದ ಹೊಸ ಗೊಂದಲ ಹುಟ್ಟಬಹುದೆಂಬ ಅಳುಕೂ ಇದೆ. ‘ಬರಖಾಸ್ತು’ ಇಲ್ಲಿ ಸಲ್ಲದು. ಬರಖಾಸ್ತಾದ ಸಭೆಯವರು ಮನೆಗೆ ಹೋಗುತ್ತಾರೆ.

ಮೂರನೆಯ ಅರ್ಥ, ಒಂದು ವಿಷಯ ಮಾತ್ರ ಬೇರೆ ದಿನಕ್ಕೆ ಹೋಗುವುದು, ಇನ್ನೂ ಕಷ್ಟದ್ದು. ಸರ್ಕಾರಿ ಕಡತಗಳಲ್ಲಿ ‘ಅಮಾನತಿನಲ್ಲಿಡು’ ಎಂಬ ಒಳ್ಳೆಯ ಪ್ರಯೋಗವಿದೆ: ಆದೇಶವನ್ನು ಅಮಾನತಿನಲ್ಲಿಡಲಾಗಿದೆ ಎಂದರೆ ರದ್ದಾಗಿಲ್ಲ, ಜಾರಿಯಲ್ಲೂ ಇಲ್ಲ. ಕಾರ್ಯಸೂಚಿಯ ವಿಷಯಕ್ಕೆ ಇದನ್ನೇ ಅನ್ವಯಿಸಬಹುದಿತ್ತು. ಆದರೆ ವಿಷಯ ಅಮಾನತಿನಲ್ಲಿದೆ, ಅದನ್ನು ಕೇಳಿದ ಹತ್ತು ಮಂದಿಯೂ ಅಮಾನತಿನಲ್ಲಿದ್ದಾರೆ ಎಂದು ಒಂದೇ ಸುದ್ದಿಯಲ್ಲಿ ಬರೆಯುವ ಧೈರ್ಯ ಯಾವ ಉಪಸಂಪಾದಕನಿಗೂ ಬರಲಾರದು. ‘ಖಂಡವಾರು ಪರಿಶೀಲನೆಯನ್ನು 27ರ ಸಭೆಗೆ ಇಟ್ಟುಕೊಂಡರು’ ಎಂಬ ಸಾದಾ ಮಾತೇ ಸದ್ಯಕ್ಕೆ ನನಗೆ ಸರಿಯೆನಿಸಿದೆ. ಇದಕ್ಕೆ ನಾಮಪದ ಮಾಡುವುದು ಹೇಗೆ ಎಂದು ಮಾತ್ರ ಹೊಳೆಯುತ್ತಿಲ್ಲ, ಶೀರ್ಷಿಕೆಗೆ ಬೇಕಾಗುವುದು ಅದೇ.

ಸದಸ್ಯರು 30 ಅಥವಾ 31ಕ್ಕೆ ಇರಲಿ ಎಂದು ಕೇಳಿದ್ದಕ್ಕೆ ಕೋರ್ಟಿನ ಕನ್ನಡದಲ್ಲಿ ಹೇಳಿ ಮಾಡಿಸಿದ ಪದವಿದೆ: ವಾಯಿದೆ. ವಾಯಿದೆ ಕೇಳುವವರು ಬೇರೆ, ಕೊಡುವವರು ಬೇರೆ ಎಂಬುದು ಆ ಪದದಲ್ಲೇ ಅಡಗಿದೆ. ಸಮಿತಿಯ ವಿಷಯದಲ್ಲಿ ಈ ಭೇದ ಮುಖ್ಯವಾದದ್ದು, ಏಕೆಂದರೆ ಲೋಕಸಭೆಯ ಕಾರ್ಯವಿಧಾನ ನಿಯಮಗಳ ಪ್ರಕಾರ ಸಮಿತಿ ಯಾವ ದಿನ, ಯಾವ ಹೊತ್ತಿಗೆ ಸೇರಬೇಕೆಂದು ಗೊತ್ತುಪಡಿಸುವುದು ಅಧ್ಯಕ್ಷರು. ಸದಸ್ಯರು ಕೇಳಬಹುದು, ಒತ್ತಾಯಿಸಬಹುದು, ಲೋಕಸಭಾಧ್ಯಕ್ಷರಿಗೆ ಪತ್ರ ಬರೆಯಬಹುದು. ಇಷ್ಟಾಗಿಯೂ ‘ವಾಯಿದೆ’ ಎಂದ ಕೂಡಲೇ ಕೇಸು ಎಳೆಯುವ ಕಕ್ಷಿದಾರನ ಚಿತ್ರವೇ ಕಣ್ಣೆದುರು ಬರುವುದರಿಂದ, ಅದನ್ನು ಬಳಸಿದವರು ಒಂದು ಪಕ್ಷ ವಹಿಸಿದಂತಾಗುತ್ತದೆ ಎಂಬುದು ನನ್ನ ಹಿಂಜರಿಕೆ. ‘ಕಾಲಾವಕಾಶ ಕೇಳಿದರು’ ಎಂಬುದು ನೀರಸವಾದರೂ ನಿಷ್ಪಕ್ಷಪಾತ.

ಕರ್ಮಣಿ ಪ್ರಯೋಗದ ಬಗ್ಗೆಯೂ ಒಂದು ಮಾತು. ‘ಮುಂದೂಡಲಾಯಿತು’, ‘ನಿಗದಿಪಡಿಸಲಾಯಿತು’ ಎಂಬಲ್ಲಿ ಯಾರು ಎಂಬುದು ಮರೆಯಾಗುತ್ತದೆ. ದಿನಾಂಕದ ಜಗಳದಲ್ಲಿ ‘ಯಾರು’ ಎಂಬುದೇ ಜಗಳ. 2024ರ ನವೆಂಬರ್ 7ರಂದು ಪಾಲ್ ಅವರು ಹುಬ್ಬಳ್ಳಿ, ವಿಜಯಪುರಗಳಿಗೆ ಬಂದು ರೈತರ ಅಹವಾಲು ಕೇಳಿದಾಗಲೂ ಹೀಗೇ ಆಯಿತು. ಸಮಿತಿ ಬಂದಿತೇ, ಅಧ್ಯಕ್ಷರು ಬಂದರೇ ಎಂಬುದು ವಿರೋಧ ಪಕ್ಷಗಳ ಪ್ರಶ್ನೆಯಾಗಿತ್ತು. ‘ಜೆಪಿಸಿ (ಜಂಟಿ ಸಂಸದೀಯ ಸಮಿತಿ) ಭೇಟಿ’ ಎಂದು ಬರೆದರೆ ಆ ಪ್ರಶ್ನೆಗೆ ಉತ್ತರವನ್ನೂ ಬರೆದುಬಿಟ್ಟಂತೆ. ಹಾಗಾಗಿ ಇಂಥ ವರದಿಗಳಲ್ಲಾದರೂ ‘ಅಧ್ಯಕ್ಷರು 27ಕ್ಕೆ ಗೊತ್ತುಪಡಿಸಿದರು’ ಎಂದು ಕರ್ತೃವನ್ನು ಹೇಳಿಯೇ ಬರೆಯಬೇಕೆಂಬುದು ನನ್ನ ಅಭಿಪ್ರಾಯ.

ಕೊನೆಯದಾಗಿ ‘ಸೂಚನೆ’. ಸದನದಲ್ಲಿ ಸದಸ್ಯರು ಮಂಡಿಸುವುದೂ ಸೂಚನೆ, ಸಭೆಗೆ ಬನ್ನಿ ಎಂದು ಕಾರ್ಯಾಲಯ ಕಳಿಸುವ ಕಾಗದವೂ ಸೂಚನೆ, ಅಧಿಕಾರಿಗೆ ಹೀಗೆ ಮಾಡೆಂದು ಹೇಳುವುದೂ ಸೂಚನೆ. ‘ಸೂಚನೆಯಿಲ್ಲದೆ ಕಾರ್ಯಸೂಚಿ ಬದಲಿಸಿದರು’ ಎಂಬ ವಾಕ್ಯವನ್ನು ಸಮಿತಿಯಲ್ಲಿ ಯಾರೂ ಸೂಚನೆ ಮಂಡಿಸದೆ ಬದಲಿಸಿದರು ಎಂದೂ ಓದಿಕೊಳ್ಳಲು ಸಾಧ್ಯ. ಕಾರ್ಯಾಲಯ ಕಳಿಸುವ ಕಾಗದಕ್ಕೆ ‘ನೋಟಿಸ್’ ಎಂದೇ ಬಿಡುವುದು ನನ್ನ ರೂಢಿ. ‘ತಿಳಿವಳಿಕೆ ಪತ್ರ’ವನ್ನು ಸಭೆಯ ಕರೆಗೆ ಬಳಸಿದ್ದನ್ನು ಯಾರಾದರೂ ಕಂಡಿದ್ದರೆ, ಎಲ್ಲಿ, ಯಾವ ಕಾಲದ ಕಾಗದದಲ್ಲಿ ಎಂದು ತಿಳಿಸಬೇಕಾಗಿ ವಿನಂತಿ. ವಿಧಾನಮಂಡಲದ ಸಮಿತಿ ಶಾಖೆಯಲ್ಲಿ ಕೆಲಸ ಮಾಡಿದವರು ಇಲ್ಲಿದ್ದರೆ, ಕಾರ್ಯಸೂಚಿಯ ವಿಷಯವೊಂದು ಮುಂದಿನ ಸಭೆಗೆ ಹೋದಾಗ ನಡವಳಿಯಲ್ಲಿ ಏನೆಂದು ದಾಖಲಿಸುತ್ತಿದ್ದಿರಿ ಎಂಬುದನ್ನೂ ಹೇಳಿದರೆ ಉಪಕಾರವಾಗುತ್ತದೆ.